ಹಿಂದಿನ ಗಾಜಿನ ಮೂರು ಗೆರೆ

ನಮ್ಮ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಮಗ್ಗುಲಲ್ಲಿ, ಕಾಡಿಗೆ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಗಾಜಿನ ಶೀಶಿ ಇದೆ. ತಳದಲ್ಲಿ ಒಣಗಿ ಹೆಪ್ಪುಗಟ್ಟಿದ ಬೆಳ್ಳಿ ಬಣ್ಣ. ನೋಡಿದವರು ತಲೆಗೊಂದು ಮಾತಾಡುತ್ತಾರೆ. ಒಬ್ಬರು ಯಾವುದೋ ಮಠದ ಭಸ್ಮವೆಂದರು. ಇನ್ನೊಬ್ಬರು ಅತ್ತರಿನ ಶೀಶಿಯೆಂದು ಮೂಸಿ ನೋಡಿ ಸೀನಿದರು. ಹೋದ ಶ್ರಾವಣದಲ್ಲಿ ನಮ್ಮ ಓಣಿಯ ಕಡೇ ಮನೆಯಾಕೆ ಬಂದವಳು ಕೈ ಮುಗಿದುಕೊಂಡೇ ಕೇಳಿದಳು:

"ಇದು ಯಾವ ಊರ ದೇವರದ್ರಿ ವೈನಿ?"

"ದೇವರದಲ್ಲವಾ, ಸಲೀಂಭಾಯಿ ಅಂಗಡಿದು. ಕಾರಿನ ಗಾಜಿಗಿ ಹಚ್ಚೋ ಬಣ್ಣ."

ಆಕೆ ಮುಗಿದ ಕೈ ಬಿಡಲಿಲ್ಲ. "ಇರ್ಲಿ ಬಿಡ್ರಿ, ಜಗಲಿ ಮ್ಯಾಲ ಕುಂತದಲ್ಲ, ಸಾಕು" ಎಂದು ಕಣ್ಣಿಗೆ ಒತ್ತಿಕೊಂಡು ಹೋದಳು.

ನಾನೂ ಅದನ್ನು ಅಲ್ಲಿಂದ ತೆಗೆಯುವ ಗೋಜಿಗೆ ಹೋಗಿಲ್ಲ. ಇಟ್ಟವರು ನಮ್ಮ ಅತ್ತೆ ಗಂಗಮ್ಮನವರು. ಅವರು ಇಟ್ಟದ್ದನ್ನು ಕದಲಿಸುವ ಧೈರ್ಯ ನಮ್ಮ ಮನೆಯ ಬೆಕ್ಕಿಗೂ ಇಲ್ಲ.

ವಾಹನದ ಹಿಂದಿನ ಗಾಜೆಂದರೆ ನನಗೆ ಹುಡುಗಿಯಾಗಿದ್ದಾಗಿನಿಂದ ಒಂದು ಮೋಹ. ನನ್ನ ತವರು ಕೊಡಂಬಲ. ಅಪ್ಪ ಹುಮನಾಬಾದಿನ ಸಂತೆಗೆ ಹೊರಟಾಗ ನಾನೂ ಬೆನ್ನು ಹತ್ತುತ್ತಿದ್ದೆ. ಟೆಂಪೋದ ಕಡೇ ಸೀಟಿನ ಮೇಲೆ ಮೊಣಕಾಲೂರಿ, ಎಲ್ಲರಿಗೂ ಬೆನ್ನು ಮಾಡಿ, ಹಿಂದಿನ ಗಾಜಿಗೆ ಮೂಗು ಒತ್ತಿ ನಿಲ್ಲುವುದು ನನ್ನ ಪದ್ಧತಿ. ಥಂಡಿಯ ದಿನಗಳಲ್ಲಿ ಒಳಗಿನವರ ಉಸಿರಿಗೆಲ್ಲ ಗಾಜು ಮಂಜುಗಟ್ಟಿ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಅದರ ಮೇಲೆ ಬೆರಳಿನಿಂದ ನನ್ನ ಹೆಸರು ಬರೆಯುತ್ತಿದ್ದೆ. ಆ ಅಕ್ಷರಗಳ ಸಂದಿಯಿಂದ ನಮ್ಮ ಊರು, ತೊಗರಿ ಹೊಲ, ನಮ್ಮ ಹಿಂದೆಯೇ ಓಡಿ ಬಂದು ಸುಸ್ತಾಗಿ ನಿಂತ ನಾಯಿ, ಎಲ್ಲ ಸಣ್ಣದಾಗುತ್ತ ಹೋಗುವುದು ಕಾಣುತ್ತಿತ್ತು.

"ಮುಂದ ನೋಡ ಸುವರ್ಣಾ, ಹುಮನಾಬಾದ ಬಂತು" ಎಂದು ಅಪ್ಪ ಜಡೆ ಜಗ್ಗುತ್ತಿದ್ದರು. ಹುಮನಾಬಾದು ಹೇಗಿದ್ದರೂ ಬರುತ್ತದೆ, ಕೊಡಂಬಲ ಹೋಗುವುದನ್ನು ನೋಡಬೇಕಲ್ಲ ಎಂಬುದು ನನ್ನ ವಾದ. ಈಗಲೂ ಅಷ್ಟೇ. ಮುಂದೆ ಏನು ಬರುತ್ತದೋ ಶಿವನಿಗೆ ಗೊತ್ತು. ಹಿಂದೆ ಸರಿದು ಹೋದದ್ದರಲ್ಲಿ ಅವನು ಮಾಡಿದ ಉಪಕಾರಗಳನ್ನು ಎಣಿಸುವುದಷ್ಟೇ ನನ್ನ ಕೈಲಿರುವ ಕೆಲಸ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಲೆಯ ಹತ್ತಿರ ಇದ್ದೆನೆಂಬುದು ಒಂದು ಉಪಕಾರ. ಊಟಕ್ಕೆ ಬಂದ ಪಾಹುಣೇರು ಉಂಡು ಎದ್ದು ಹೋದ ಮೇಲೆ ಸಿಲಿಂಡರ್ ಮುಗಿಯಿತೆಂಬುದು ಇನ್ನೊಂದು. ನಮ್ಮ ಯಜಮಾನರು ನಗುತ್ತಾರೆ. ಬಸವಕಲ್ಯಾಣದ ಹಳೇ ಪೇಟೆಯಲ್ಲಿ ಅವರದು ಕಿರಾಣಿ ಅಂಗಡಿ, ದಿನವಿಡೀ ತಕ್ಕಡಿಯ ಜೊತೆ ಇರುವವರು. ಅವರಿಗೆ ತೂಗಿದರಷ್ಟೇ ನಂಬಿಕೆ.

ಕಾರು ಬಂದದ್ದು ಅವರಿಂದ, ಓಡಿಸಲು ಕಲಿತದ್ದು ನಾನು. ಯಾಕೆಂದರೆ ದೊಡ್ಡವ್ವ.

ಅತ್ತೆಯವರ ಅಕ್ಕ ಹುಮನಾಬಾದಿನಲ್ಲಿದ್ದಾರೆ. ನಮಗೆಲ್ಲ ದೊಡ್ಡವ್ವ. ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆದು ಬಲಗಡೆಯ ಕೈಕಾಲು ಕೆಲಸ ಬಿಟ್ಟವು. ಮಾತು ಉಳಿದಿದೆ, ಆದರೆ ಒಂದೊಂದು ಶಬ್ದವೂ ಆಳದ ಬಾವಿಯಿಂದ ಕೊಡ ಸೇದಿದ ಹಾಗೆ ತಡೆತಡೆದು ಬರುತ್ತದೆ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದ ಜೀವವಲ್ಲ ಅದು. ಉಳಿದ ದಿನ ಅವರ ಸೊಸೆ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಸುತ್ತಾಳೆ. ಸೋಮವಾರ ಮಾತ್ರ ತಂಗಿಯೇ ಬರಬೇಕು. "ಗಂಗಿ ಬರ್ಲಿ" ಎಂದು ಬಾಯಿ ಮುಚ್ಚಿದರೆ ಮುಗಿಯಿತು. ಸಕ್ಕರೆ ಕಾಯಿಲೆ ಬೇರೆ ಇದೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಬೆವೆತು, ಕಣ್ಣು ಮೇಲೆ ಮಾಡುತ್ತಾರೆ.

ಅಕ್ಕತಂಗಿ ಎದುರುಬದುರು ಕೂತು ಪೂಜೆ ಮಾಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಲಿಂಗ ಹಿಡಿಯಬೇಕಾದ ಎಡಗೈಯನ್ನು ಶಿವ ದೊಡ್ಡವ್ವನಿಗೆ ಉಳಿಸಿದ್ದಾನೆ. ಪತ್ರೆ ಏರಿಸಬೇಕಾದ ಬಲಗೈಯನ್ನು ತಂಗಿಯಲ್ಲಿ ಇಟ್ಟಿದ್ದಾನೆ. ನನ್ನ ಎಣಿಕೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೂ ಸಿಕ್ಕಿಲ್ಲ.

ಬಸ್ಸಿಗೆ ಹೋದರೆ ಹೊತ್ತಾಗುತ್ತದೆ. ಯಜಮಾನರು ನಸುಕಿನಲ್ಲೇ ಅಂಗಡಿ ತೆಗೆಯಬೇಕು. ಹಾಗಾಗಿ ನಲವತ್ತು ದಾಟಿದ ಮೇಲೆ ನಾನು ಸೀರೆಯ ನಿರಿಗೆ ಎತ್ತಿ ಕಟ್ಟಿ ಕಾರು ಕಲಿತೆ. ಕಲಿಯುವಾಗ ಎದುರಿಗೆ ಬಂದ ಎಮ್ಮೆಗೆ ಹಾರನ್ ಹೊಡೆಯುವುದರ ಬದಲು "ಸರಿಯವ್ವಾ ತಾಯಿ" ಎಂದು ಗಾಜು ಇಳಿಸಿ ಬೇಡಿಕೊಂಡಿದ್ದೇನೆ. ಎಮ್ಮೆ ಸರಿಯಿತು. ಅದನ್ನೂ ಎಣಿಸಿದ್ದೇನೆ.

ಕಾರು ಬೇರೆಯವರು ಓಡಿಸಿ ಬಿಟ್ಟದ್ದು. ಹಿಂದಿನ ಗಾಜಿನ ಒಳಮೈಗೆ ಅಡ್ಡಡ್ಡಲಾಗಿ ಸಣ್ಣ ಸಣ್ಣ ಕಂದು ಗೆರೆಗಳಿದ್ದವು. ಸ್ಟೇರಿಂಗಿನ ಹತ್ತಿರ ಹೊಗೆಯೇಳುವಂಥ ಚಿತ್ರದ ಒಂದು ಗುಂಡಿ. ಅದು ಚಹಾ ಬಿಸಿ ಮಾಡುವುದಕ್ಕೆ ಇರಬಹುದೇ ಎಂದು ನಾನು ಎಷ್ಟೋ ದಿನ ಮುಟ್ಟಿರಲಿಲ್ಲ. ಹಳೆಯ ಮಾಲೀಕರನ್ನು ಕೇಳಿದಾಗ ಗೊತ್ತಾಯಿತು: ಆ ಗೆರೆಗಳಲ್ಲಿ ಕರೆಂಟು ಹರಿಯುತ್ತದೆ, ಗಾಜು ಬೆಚ್ಚಗಾಗುತ್ತದೆ, ಮಂಜು ಬಿಡುತ್ತದೆ.

"ಗಾಜಿಗೂ ಥಂಡಿ ಆಗ್ತದೇನ?" ಎಂದರು ಅತ್ತೆ.

ಮೊದಲ ಸಲ ಗುಂಡಿ ಒತ್ತಿದ ಬೆಳಗನ್ನು ನಾನು ಮರೆತಿಲ್ಲ. ಗಾಜಿನ ತುಂಬ ಬಿಳಿ. ನೋಡನೋಡುತ್ತ ಗೆರೆಗೆರೆಯಾಗಿ ಮಂಜು ಕರಗಿ, ಪಟ್ಟೆಪಟ್ಟೆಯಾಗಿ ನಮ್ಮ ಓಣಿ ಮೂಡಿಬಂತು: ಮೊದಲು ಮೇಲಿನ ತಂತಿ, ಆಮೇಲೆ ಎದುರು ಮನೆಯ ಕಟ್ಟೆ, ಆಮೇಲೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತ ಮುದುಕ. ಟೆಂಪೋದಲ್ಲಿ ನಾನು ಬೆರಳಿನಿಂದ ಮಾಡುತ್ತಿದ್ದ ಕೆಲಸವನ್ನು ಈಗ ಯಾರೋ ಕಣ್ಣಿಗೆ ಕಾಣದೆ ಮಾಡುತ್ತಿದ್ದಾರೆ ಅನ್ನಿಸಿತು.

ಎರಡು ಥಂಡಿಕಾಲ ಹೀಗೆ ಸುಖವಾಗಿ ಕಳೆದವು. ಮೂರನೆಯದಕ್ಕೆ ಗಾಜಿನ ನಡುಭಾಗದ ಮಂಜು ಬಿಡದಾಯಿತು. ಗುಂಡಿ ಒತ್ತಿದರೆ ಮೇಲೆ ಕೆಳಗೆ ಅಷ್ಟಷ್ಟು ಕಾಣುತ್ತದೆ, ಕನ್ನಡಿಯಲ್ಲಿ ನೋಡಿದರೆ ಹಿಂದಿನ ವಾಹನ ಎಲ್ಲಿರಬೇಕೋ ಸರಿಯಾಗಿ ಅಲ್ಲಿಯೇ ಕಾಣುವುದಿಲ್ಲ. ಅತ್ತೆ ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಸೆರಗಿನಿಂದ ಒರೆಸುತ್ತ ಬರುತ್ತಿದ್ದರು. ಅವರು ಒರೆಸುವಾಗ ನನಗೆ ಗಾಜಿನ ಬದಲು ಅವರ ತುರುಬು ಕಾಣುತ್ತಿತ್ತು.

ಒಂದು ಸೋಮವಾರ ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಸೇರಿ ಸ್ವಲ್ಪ ದೂರ ಹೋಗಿದ್ದೆವು. ದಟ್ಟ ಮಂಜು. ಮುಂದೆ ಏನೋ ಕಂಡಂತಾಗಿ ನಿಧಾನ ಮಾಡಿದೆ. ಬೆನ್ನಿಗೇ ಬಂದಂತೆ ಒಂದು ಲಾರಿಯ ಹಾರನ್ ಕಿರುಚಿತು. ಎಡಕ್ಕೆ ಎಳೆದುಕೊಂಡೆ. ಮಗ್ಗುಲಿಂದ ಲಾರಿ ಹೋದ ಗಾಳಿಗೆ ಕಾರು ನಡುಗಿತು. ಅದರ ದೀಪವನ್ನೇ ನಾನು ಕಂಡಿರಲಿಲ್ಲ. ಅತ್ತೆ ಕೊರಳಲ್ಲಿಯ ಲಿಂಗವನ್ನು ಹಿಡಿದು ಕೂತಿದ್ದರು.

ನಾನು ಮನೆಯಲ್ಲಿ ಹೇಳುತ್ತಿರಲಿಲ್ಲ. ಅತ್ತೆಯವರು ಭಕ್ತಿಯಿಂದ ಹೇಳಿಬಿಟ್ಟರು. "ತಮ್ಮಾ, ಶಿವನೇ ಬಂದು ಹಾರನ್ ಬಾರಿಸಿದ ನೋಡು!" ಎಂದು ಮಗನೆದುರು ಕೈ ಎತ್ತಿ ವರ್ಣಿಸಿದರು. ಯಜಮಾನರು ಊಟದ ತಟ್ಟೆಯಿಂದ ತಲೆ ಎತ್ತಿದರು.

"ಶಿವ ವಾರಾ ವಾರಾ ಲಾರಿ ಹತ್ತಿ ಬರಾಂಗಿಲ್ಲವಾ. ಗಾಜು ದುರಸ್ತ ಆಗೋತನಕ ನಸುಕಿನ್ಯಾಗ ಹೋಗೂದು ಬಂದ್."

ಕಾರಿನ ಕೀಲಿಕೈ ಅಂಗಡಿಗೆ ಹೋಯಿತು. ಮುಂದಿನ ಸೋಮವಾರ ಮಂಜು ಬಿಟ್ಟ ಮೇಲೆ ಹೊರಟೆವು. ಹುಮನಾಬಾದು ಮುಟ್ಟುವಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ದೊಡ್ಡವ್ವ ಗೋಡೆಗೆ ಒರಗಿದ್ದರು, ಕುತ್ತಿಗೆ ಬೆವರಿನಿಂದ ಒದ್ದೆ. ಸೊಸೆ ಸಕ್ಕರೆ ನೀರಿನ ಲೋಟ ಹಿಡಿದು ಅಳುತ್ತ ನಿಂತಿದ್ದಳು: "ನೋಡ್ರಿ ಚಿಕ್ಕವ್ವ, ಹಲ್ಲು ಬಿಡವಲ್ಲರು." ಅತ್ತೆ ಬಂದವರೇ ವಿಭೂತಿ ಹಚ್ಚಿ ಪೂಜೆ ಮಾಡಿಸಿದರು. ಆಮೇಲೆ ದೊಡ್ಡವ್ವ ನೀರು ಕುಡಿದರು. ತಿರುಗಿ ಬರುವಾಗ ಅತ್ತೆ ಒಂದೇ ಮಾತು ಹೇಳಿದರು: "ಇನ್ನೊಂದು ಸೋಮವಾರ ಹಿಂಗಾದ್ರ ಅಕ್ಕ ಉಳಿಯೂದಿಲ್ಲ ಸುವರ್ಣಾ."

ಬಸವಕಲ್ಯಾಣದಲ್ಲಿ ಗಾಡಿಗಳ ಬಿಡಿಭಾಗ ಮಾರುವ ಸಲೀಂಭಾಯಿ ಯಜಮಾನರ ಹಳೇ ಸ್ನೇಹಿತರು. ಅವರ ಅಂಗಡಿಗೆ ಹೋದೆವು.

"ಪೂರಾ ಗ್ಲಾಸೇ ಬದಲಿ ಮಾಡ್ರಿ ವೈನಿ, ಝಂಜಟ್ ಬ್ಯಾಡ. ಹೈದರಾಬಾದಿಂದ ತರಸ್ತೀನಿ."

"ಎಂದು ಬರ್ತದ್ರಿ?"

"ಬರ್ತದ. ಫಿಕರ್ ಮಾಡಬ್ಯಾಡ್ರಿ."

ಈ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. "ಸೋಮವಾರಕ್ಕ ಬೇಕ್ರಿ ಭಾಯಿ, ಮನ್ಯಾಗ ಮಾಡೂ ಹಂಗ ಏನರೆ ಇಲ್ಲೇನು?" ಎಂದೆ. ಅವರು ಸ್ಟೂಲು ಹತ್ತಿ, ಧೂಳಿನ ಡಬ್ಬಿಗಳ ಹಿಂದಿನಿಂದ ಈ ಶೀಶಿ ತೆಗೆದರು. ಗೆರೆ ಕಡಿದ ಕಡೆ ಈ ಬೆಳ್ಳಿ ಬಣ್ಣ ಹಚ್ಚಿದರೆ ಕರೆಂಟು ಮತ್ತೆ ಹಾಯುತ್ತದಂತೆ. "ಯಾರೋ ತರಸಿ ಒಯ್ಯಲಾರ್ದ ಬಿಟ್ಟಾರ. ನಾ ಅಂತೂ ಯಾರಿಗೂ ಹಚ್ಚಿ ನೋಡಿಲ್ಲ. ನಿಮ್ಮ ನಸೀಬ."

ಶನಿವಾರ ಬಿಸಿಲೇರುವ ಮುಂಚೆ ಅಂಗಳದಲ್ಲಿ ಕೆಲಸ ಶುರುವಾಯಿತು. ಯಾವ ಗೆರೆ ಸತ್ತಿದೆ ಎಂದು ಮೊದಲು ತಿಳಿಯಬೇಕಲ್ಲ. ನಾನು ಒಂದು ದೊಡ್ಡ ಬೋಗಾಣಿಯಲ್ಲಿ ನೀರು ಕುದಿಸಿ ತಂದು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿದೆ. ಆವಿಗೆ ಗಾಜು ಬೆಳ್ಳಗಾಯಿತು. ಯಜಮಾನರು ಗಾಡಿ ಚಾಲೂ ಮಾಡಿ ಗುಂಡಿ ಒತ್ತಿದರು. ನಾನೂ ಅತ್ತೆಯೂ ಹೊರಗೆ ನಿಂತು ನೋಡುತ್ತಿದ್ದೆವು.

ಮೇಲಿನಿಂದ ಕರಗಿತು, ಕೆಳಗಿನಿಂದ ಕರಗಿತು. ನಡುವೆ ಮೂರು ಬಿಳಿ ಪಟ್ಟೆಗಳು ಉಳಿದುಕೊಂಡವು. ಒಂದರ ಕೆಳಗೆ ಒಂದು, ನೇರವಾಗಿ, ಮಿಂದು ಬಂದು ವಿಭೂತಿ ಧರಿಸಿದ ಹಣೆಯ ಹಾಗೆ.

"ಶಿವ ಶಿವಾ" ಎಂದೆ, ಕೈಗಳು ತಾವಾಗಿ ಜೋಡಿಕೊಂಡವು.

ಅತ್ತೆ ಕೈ ಮುಗಿಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯ, ಇದು ನನ್ನ ಕೈ ಕೆಲಸನೋ ತಮ್ಮಾ!"

ಆಗ ಕಥೆ ಹೊರಬಂತು. ಪ್ರತಿ ಮಹಾನವಮಿಗೆ ಗಾಡಿಯ ಪೂಜೆ ಮಾಡುವಾಗ ಅತ್ತೆ ಅರಿಷಿಣ ಕಲಸಿ ಮೂರು ಗೆರೆ ಎಳೆಯುತ್ತಾರೆ. ಎಲ್ಲರೂ ಹೊರಗೆ ಎಳೆದರೆ ಇವರು ಹಿಂದಿನ ಗಾಜಿನ ಒಳಮೈಗೂ ಎಳೆಯುತ್ತಾರೆ, ಒಳಗೆ ಕೂತವರಿಗೂ ಕಾವಲು ಬೇಕಲ್ಲ ಎಂದು. ಈ ಸಲ ಹೊಸ ಗೆರೆ ಎಳೆಯುವ ಮೊದಲು ಹೋದ ವರ್ಷದ್ದನ್ನು ತೊಳೆಯಲು ಹೋಗಿದ್ದಾರೆ. ಅರಿಷಿಣ ಬಿಟ್ಟಿತು, ಅದರ ಅಡಿಯ ಕಂದು ಗೆರೆ ಬಿಡಲಿಲ್ಲ. ಕಲೆ ಕೂತಿದೆ ಎಂದು ಬೂದಿ, ತೆಂಗಿನ ನಾರು ತಂದು ತಿಕ್ಕಿದ್ದಾರೆ. ಒಳಗೆ ಹೋಳಿಗೆ ಬೇಯಿಸುತ್ತಿದ್ದ ನನಗೆ ಆ ಗಸಗಸ ಸಪ್ಪಳ ಕೇಳಿಸಿತ್ತು. ಈ ವಯಸ್ಸಿನಲ್ಲೂ ಎಂಥ ಶಕ್ತಿ ಎಂದು ಮೆಚ್ಚಿಕೊಂಡಿದ್ದೆ.

"ಅವ್ವಾ, ಅಂಥಾವೇ ಗೆರಿ ಗಾಜಿನ ತುಂಬ ಅದಾವಲ್ಲ! ಅವು ಕಾಣಲಿಲ್ಲೇನ ನಿನಗ?" ಎಂದರು ಯಜಮಾನರು.

"ಕಂಡ್ವು. ಅವು ಕಂಪನಿಯವು, ಈ ಮೂರು ನನ್ನವು ಅನಕೊಂಡೆ."

ಯಜಮಾನರು ಬೈಯಬೇಕೆಂದು ಬಾಯಿ ತೆರೆದವರು ನಕ್ಕುಬಿಟ್ಟರು. ನಾನು ಮೊದಲೇ ನಗುತ್ತಿದ್ದೆ. ಅತ್ತೆ ಮಾತ್ರ ನಗಲಿಲ್ಲ. "ಅಕ್ಕಗ ಕುತ್ತ ತಂದಿದ್ದು ನಾನೇ ಆತಲ್ಲ" ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು.

ತಿಕ್ಕುವುದು ಅವರಿಗೆ ಹುಟ್ಟುಗುಣ. ಅಕ್ಕತಂಗಿಯರ ತವರು ನಾರಾಯಣಪುರ. ಅಲ್ಲಿ ಅವರ ಅಜ್ಜನದೊಂದು ಬೆಳ್ಳಿಯ ಕರಡಿಗೆ ಇತ್ತಂತೆ, ಲಿಂಗವಿಡುವ ಡಬ್ಬಿ, ಮೇಲೆ ಹೂಬಳ್ಳಿ ಕೆತ್ತಿದ್ದು. ಸಣ್ಣ ಹುಡುಗಿ ಗಂಗಿ ಅದನ್ನು ಹೊಳಪಿಗೆ ತರುತ್ತೇನೆಂದು ವಾರಗಟ್ಟಲೆ ಕದ್ದು ಬೂದಿ ಹಾಕಿ ತಿಕ್ಕಿ ತಿಕ್ಕಿ ಹೂವನ್ನೇ ಅಳಿಸಿಹಾಕಿದಳು. ಅಜ್ಜ ಗುಡುಗಿದಾಗ ಅಕ್ಕ ಮುಂದೆ ಬಂದು "ನಾ ತಿಕ್ಕೀನಿ ಅಜ್ಜಾ" ಎಂದು ಬೈಗುಳವನ್ನೆಲ್ಲ ತಾನು ತಿಂದಳು. ಈ ಕಥೆಯನ್ನು ಅತ್ತೆ ಕಾರಿನಲ್ಲಿ ಎಷ್ಟು ಸಲ ಹೇಳಿದ್ದಾರೋ. ಹೇಳಿದಾಗಲೆಲ್ಲ ಕೊನೆಗೆ ಕಣ್ಣೊರೆಸಿಕೊಳ್ಳುತ್ತಾರೆ.

ಯಜಮಾನರು ಶೀಶಿಯ ಮೇಲಿನ ಸೂಚನೆಯನ್ನು ಗಟ್ಟಿಯಾಗಿ ಓದಿದರು. ಗಾಜನ್ನು ಸ್ಪಿರಿಟಿನಿಂದ ಒರೆಸಿದೆವು. ಗೆರೆ ಕಡಿದ ಜಾಗ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡದ್ದಕ್ಕೆ ಮೇಲೆ ಕೆಳಗೆ ಟೇಪು ಅಂಟಿಸಿ, ನಡುವಿನ ಸಂದಿಯಲ್ಲಿ ಬಣ್ಣ ಹಚ್ಚಬೇಕು. ಗಾಜು ಬಾಗಿದ್ದರಿಂದ ಟೇಪು ಸುಕ್ಕುಗಟ್ಟಿತು. ಯಜಮಾನರು ಹಚ್ಚಿದರು. ಟೇಪು ಕಿತ್ತಾಗ ಸುಕ್ಕಿನೊಳಗೆಲ್ಲ ಬಣ್ಣ ಇಳಿದು, ಜಿರಳೆ ಓಡಿಹೋದ ಹಾಗೆ ಗೆರೆ ಮೂಡಿತ್ತು. ಒರೆಸಿ ನಾನು ಹಚ್ಚಿದೆ. ನನ್ನದು ಗೆರೆಯಾಗಲಿಲ್ಲ, ಹಪ್ಪಳವಾಯಿತು. ಶೀಶಿಯಲ್ಲಿ ಬಣ್ಣ ಅರ್ಧಕ್ಕೆ ಇಳಿದಿತ್ತು.

"ಆಕಡೆ ಸರೀರಿ" ಎಂದು ಹಿಂದಿನಿಂದ ಧ್ವನಿ ಬಂತು.

ಅತ್ತೆ ಕೈಕಾಲು ತೊಳೆದುಕೊಂಡು ಬಂದು ನಿಂತಿದ್ದರು. ಹಣೆಗೆ ಹೊಸ ವಿಭೂತಿ. ಕೈಯಲ್ಲಿ ಜೋಳದ ದಂಟಿನ ಒಂದು ಸೀಳು. ಅದರ ತುದಿಗೆ ದೀಪದ ಬತ್ತಿಯ ಹತ್ತಿಯನ್ನು ಎಳೆಯಷ್ಟು ಸುತ್ತಿದ್ದರು.

"ಅವ್ವಾ, ಟೇಪು ಇಲ್ದ ಬರಾಂಗಿಲ್ಲ."

"ಕೂಸಿನ ಕಣ್ಣಿಗಿ ಕಾಡಗಿ ಹಚ್ಚೂ ಮುಂದ ಟೇಪು ಹಚ್ಚತಿದ್ದೆನೇನಲೇ?"

ನಮ್ಮ ಓಣಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಮೊದಲ ಕಾಡಿಗೆ ಅತ್ತೆಯವರದೇ. ಕೈಕಾಲು ಬಡಿದು ಚೀರುವ ಕೂಸು ಅವರ ತೊಡೆಯ ಮೇಲೆ ಮಲಗಿ ಉಸಿರು ಒಳಗೆ ಎಳೆದುಕೊಳ್ಳುವ ಒಂದೇ ಕ್ಷಣದಲ್ಲಿ ರೆಪ್ಪೆಯಂಚಿಗೆ ಗೆರೆ ಬಿದ್ದಿರುತ್ತದೆ. ಯಜಮಾನರ ಕಣ್ಣಿಗೂ ಬಿದ್ದದ್ದು ಅದೇ ಗೆರೆ.

ಎತ್ತಿದ ಡಿಕ್ಕಿ ಬಾಗಿಲಿನ ಕೆಳಗೆ ಅವರಿಗೊಂದು ಮಣೆ ಹಾಕಿ ನಿಲ್ಲಿಸಿದೆವು. ಅವರು ಕಣ್ಣು ಮುಚ್ಚಿದರು. ಉಂಗುರ ಬೆರಳಿನ ಉಗುರನ್ನು ಗೆರೆಯ ಮೇಲೆ ಮೆಲ್ಲಗೆ ಸರಿಸುತ್ತ ಹೋದರು. ಗೆರೆಗೆ ಅಷ್ಟು ಸಣ್ಣ ಉಬ್ಬು ಇರುತ್ತದೆ, ಕಡಿದಲ್ಲಿ ಉಬ್ಬು ಇಲ್ಲ. "ಇಲ್ಲೇ ಅದ" ಎಂದರು, ಉಗುರು ನಿಂತಿತು. ಕಣ್ಣು ತೆರೆದರು. ಉಸಿರು ಬಿಗಿಹಿಡಿದು ಕಡ್ಡಿ ಊರಿದರು. ಕೂದಲೆಳೆಯಷ್ಟೇ ಬೆಳ್ಳಿ ಗೆರೆ ಕಡಿದ ಎರಡು ತುದಿಗಳನ್ನು ಕೂಡಿಸಿತು. ಹೆಚ್ಚಾದದ್ದನ್ನು ಉಗುರಿನ ಅಂಚಿನಿಂದ ಕೆರೆದು ತೆಗೆದರು. ಬೂದಿ ಹಾಕಿ ಗಸಗಸ ತಿಕ್ಕಿದ್ದು ಇದೇ ಕೈ ಎಂದರೆ ನಂಬುವಂತಿರಲಿಲ್ಲ. ಅಷ್ಟು ಹಗುರವಾಗಿ, ಗಾಜಿಗೆ ನೋವಾದೀತೇನೋ ಎಂಬಂತೆ ಮುಟ್ಟುತ್ತಿದ್ದರು. ಮೂರನೆಯ ಗೆರೆಯ ಹೊತ್ತಿಗೆ ಬಣ್ಣ ಮುಗಿಯುತ್ತ ಬಂದಿತ್ತು. ಶೀಶಿಯ ಗೋಡೆಯಿಂದ ಕೆರೆದು ಕೆರೆದು ಹಚ್ಚಿದರು.

ಭಾನುವಾರ ಯಾರೂ ಗಾಡಿ ಮುಟ್ಟಲಿಲ್ಲ. ಒಣಗಲೆಂದು ಬಿಟ್ಟಿದ್ದೆವು. ಅತ್ತೆ ಮಾತ್ರ ಆಗಾಗ ಹೋಗಿ ಹೊರಗಿನಿಂದ ಇಣುಕಿ ಬರುತ್ತಿದ್ದರು, ಬಾಣಂತಿಯ ಕೋಣೆಗೆ ಇಣುಕಿದ ಹಾಗೆ.

ಸೋಮವಾರ ನಸುಕಿಗೆ ಎದುರು ಮನೆ ಕಾಣದಷ್ಟು ಮಂಜು. ಯಜಮಾನರು ಕೀಲಿಕೈ ಹಿಡಿದು ಬಂದರು, ನಮಗೆ ಕೊಡಲಿಲ್ಲ. ತಾವೇ ಕೂತು ಗುಂಡಿ ಒತ್ತಿದರು. ಅತ್ತೆ ತಂಬಿಗೆ, ಪತ್ರೆಯ ಚೀಲ, ರೊಟ್ಟಿಯ ಗಂಟು ಹಿಡಿದು ನಿಂತಿದ್ದರು. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ ಮೂಡಿದವು. ಮೇಲಿನದು ಸಣ್ಣಗಾಗುತ್ತ ಹೋಯಿತು, ಮಾಯವಾಯಿತು. ನಡುವಿನದು ಅಲ್ಲಲ್ಲಿ ಹರಿದು ಕರಗಿತು. ಕೆಳಗಿನದು ಇದ್ದಲ್ಲೇ ಇತ್ತು.

ಕಾದೆವು. ಅದು ಬಿಡಲಿಲ್ಲ.

ಯಜಮಾನರು ಕನ್ನಡಿಯಲ್ಲಿ ಹಿಂದೆ ನೋಡಿದರು. ಬಗ್ಗಿ ನೋಡಿದರು. ಇಳಿದು ಹೋಗಿ ಗಾಡಿಯ ಹಿಂದೆ ದೂರದಲ್ಲಿ ನಿಂತು, "ನಾ ಕಾಣ್ತೀನೇನು?" ಎಂದು ಕೂಗಿದರು.

ನಾನು ಕೂತು ನೋಡಿದೆ. ಟೋಪಿಯಿಂದ ನಡುವಿನತನಕ ಸ್ಪಷ್ಟವಾಗಿ ಕಾಣುತ್ತಿದ್ದರು. ಧೋತರದ ಗಂಟಿನ ಹತ್ತಿರ ಒಂದು ಬಿಳಿ ಪಟ್ಟೆ. "ಕಾಣ್ತೀರ್ರಿ! ಇಷ್ಟು ಚಂದ ಎಂದೂ ಕಂಡಿರಲಿಲ್ಲ!"

"ನಸುಕಿನ್ಯಾಗ ಚಾಷ್ಟಿ ಬ್ಯಾಡ" ಎಂದರು. ಆದರೂ ಕೀಲಿಕೈ ನನ್ನ ಕೈಗೇ ಬಂತು. "ಒಂದು ಗೆರಿ ಉಳೀತಲ್ಲವಾ" ಎಂದು ತಾಯಿಯ ಕಡೆ ನೋಡಿದರು.

"ಇರ್ಲಿ ತಮ್ಮಾ, ಒಂದರೆ ಶಿವನ ಹಣ್ಯಾಗ" ಎಂದು ಅತ್ತೆ ಗಾಡಿ ಹತ್ತಿದರು.

ಆ ಬೆಳಗು ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಒಂದೊಂದು ಲಾರಿಯ ದೀಪವೂ ನನಗೆ ದೂರದಲ್ಲೇ ಕಂಡಿತು. ಕಂಡದ್ದನ್ನೆಲ್ಲ ಎಣಿಸಬೇಕೆಂದಿದ್ದೆ, ಹುಮನಾಬಾದು ಬಂದದ್ದೇ ತಿಳಿಯಲಿಲ್ಲ.

ದೊಡ್ಡವ್ವ ಮಿಂದು, ಒಗೆದ ಸೀರೆ ಉಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ಎದುರು ಕೂತು ವಿಭೂತಿ ತೆಗೆದುಕೊಂಡರು. ಅವರ ಉಂಗುರ ಬೆರಳಿನ ಉಗುರಿಗೆ ಮೆತ್ತಿದ್ದ ಬೆಳ್ಳಿ ಬಣ್ಣ ಹುಣಸೆಹಣ್ಣಿಗೂ ಹೋಗಿರಲಿಲ್ಲ. ಆ ಬೆರಳು ಹಣೆಯ ಹತ್ತಿರ ಬಂದಾಗ ದೊಡ್ಡವ್ವನ ಕಣ್ಣು ಅಲ್ಲಿ ನಿಂತಿತು. ಎಡಗೈಯಿಂದ ತಂಗಿಯ ಮಣಿಕಟ್ಟು ಹಿಡಿದರು.

"ಮತ್ತ... ಏನು... ತಿಕ್ಕಿದಿ ಗಂಗಿ?"

ಅತ್ತೆ ಎಲ್ಲವನ್ನೂ ಹೇಳಿದರು. ಅರಿಷಿಣ, ಬೂದಿ, ಕಂಪನಿಯ ಗೆರೆ, ತಮ್ಮವೆಂದುಕೊಂಡ ಗೆರೆ, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ದೊಡ್ಡವ್ವನ ಮುಖದ ಒಂದು ಬದಿ ಮಾತ್ರ ನಗುತ್ತದೆ. ಆ ಬದಿ ಮೆಲ್ಲಗೆ ಅಗಲವಾಗುತ್ತ ಹೋಯಿತು.

ಪೂಜೆ ಮುಗಿಯಿತು. ಅತ್ತೆ ರೊಟ್ಟಿ ಮುರಿದು ಪಲ್ಯ ಹಚ್ಚಿ ಅಕ್ಕನ ಬಾಯಿಯ ಹತ್ತಿರ ತಂದರು. ದೊಡ್ಡವ್ವ ಬಾಯಿ ತೆರೆಯಲಿಲ್ಲ. ನಾನು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದೆ.

"ಈ ಸಲ..." ಎಂದರು ದೊಡ್ಡವ್ವ. ಮುಂದಿನ ಶಬ್ದ ಬರಲು ಬಹಳ ಹೊತ್ತು ಹಿಡಿಯಿತು. "ಈ ಸಲ... ಬೈಗುಳ... ಯಾರು ತಿಂದ್ರು?"

"ಯಾರೂ ತಿನ್ನಲಿಲ್ಲಕ್ಕಾ. ತಮ್ಮ ನಕ್ಕುಬಿಟ್ಟ."

"ಹಂಗಾರ..." ಎಂದು ದೊಡ್ಡವ್ವ ತಂಗಿಯ ಬೆಳ್ಳಿ ಉಗುರಿನ ಕೈಯನ್ನು ತಾವೇ ಬಾಯಿಯ ಕಡೆ ಎಳೆದುಕೊಂಡರು. "ನನ್ನ ಪಾಲಿಗಿ... ರೊಟ್ಟಿ ಅಷ್ಟೇ ಉಳೀತು. ತಾ."